ಸವಕಳಿ ಬರೆಯದ ಲೆಕ್ಕ

ಲಾಭ ಎಂಬ ಶಬ್ದದಷ್ಟು ಅಗ್ಗವಾದ ಶಬ್ದ ಈಗ ಇನ್ನೊಂದಿಲ್ಲ. ಯಾರು ಬೇಕಾದರೂ ತಮಗೆ ಬೇಕಾದ ಹಾಗೆ ಅದನ್ನು ಅಳೆಯಬಹುದು, ಅಳೆದದ್ದನ್ನು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಬಹುದು. ಕೇಳಿದವರಿಗೆ "ಇದು ನಿಮಗೆ ಅರ್ಥವಾಗದ ವಿಷಯ" ಎಂದೂ ಹೇಳಬಹುದು. ಹಾಗೆ ಹೇಳಿಸಿಕೊಳ್ಳುವ ಸರದಿ ಹೆಚ್ಚಾಗಿ ನಮ್ಮದೇ, ಹೆಂಗಸರದು. ಹಾಲಿನವನ ಲೆಕ್ಕ, ಕಿರಾಣಿಯ ಲೆಕ್ಕ, ಮಗಳ ಫೀಸು, ಮಾವನ ಔಷಧ ಎಲ್ಲವನ್ನೂ ಒಂದೇ ಸಂಬಳದಲ್ಲಿ ಸರಿದೂಗಿಸುವ ನಮಗೆ ಲೆಕ್ಕ ಅರ್ಥವಾಗುವುದಿಲ್ಲವಂತೆ!

ಕದ್ರಾದ ನಮ್ಮ ಸ್ವಸಹಾಯ ಸಂಘದ ಪುಸ್ತಕ ಬರೆಯುವವಳು ನಾನು. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತಳಾದ ಮೇಲೆ ಉಳಿದ ಕೆಲಸ ಇದೊಂದೇ. ವಾರವಾರ ಜಮೆಯಾಗುವ ಸಣ್ಣ ಉಳಿತಾಯ, ಅದರಿಂದ ಕೊಡುವ ಒಳಸಾಲ, ಬರುವ ಬಡ್ಡಿ, ಇಷ್ಟೇ ನಮ್ಮ ಪ್ರಪಂಚ. ಈ ಪ್ರಪಂಚದೊಳಗೂ ಈಚೆಗೆ ಕ್ರಿಪ್ಟೊ ಬಂದಿತು. ಒಂದು ಕಂಪನಿಯ ಪರವಾಗಿ ಬಂದವರು ಕರಪತ್ರ ಹಂಚಿ, "ಸಂಘದ ದುಡ್ಡು ಸುಮ್ಮನೆ ಬ್ಯಾಂಕಿನಲ್ಲಿ ಕೊಳೆಯುತ್ತಿದೆ, ಅರ್ಧದಷ್ಟನ್ನಾದರೂ ನಮ್ಮಲ್ಲಿ ಹಾಕಿ, ಕಂಪನಿ ಲಾಭದಲ್ಲಿ ನಡೆಯುತ್ತಿದೆ" ಎಂದರು. ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಅಂಕಿ, ಅದರ ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ "ಹೊಂದಿಸಿದ ಲಾಭ" ಎಂದಿತ್ತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ತಂಗಿಯ ಮಗನಿಗೆ ಫೋನು ಮಾಡಿ ಕೇಳಿದೆ. "ದೊಡ್ಡಮ್ಮಾ, ಅದು ಅಡ್ಜಸ್ಟೆಡ್ ಪ್ರಾಫಿಟ್. ಎಲ್ಲ ಕಂಪನಿಗಳೂ ಹಾಗೇ ತೋರಿಸುತ್ತವೆ" ಎಂದ. ಹೊಂದಿಸಿದ್ದು ಎಂದರೆ ಯಾವುದನ್ನು ಯಾವುದಕ್ಕೆ ಹೊಂದಿಸಿದ್ದು? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ನಾನು ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡಬೇಕೆನಿಸಿದೆ.

ಮೊದಲು ಲಾಭ ಎಂದರೇನು ಎಂಬುದನ್ನು ನೋಡೋಣ. ಅದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಕಾರವಾರದಿಂದ ಬಸ್ಸಿನಲ್ಲಿ ಮೀನಿನ ಬುಟ್ಟಿ ತರುವ ಹೆಂಗಸಿನ ಲೆಕ್ಕ ಸಾಕು. ಉದಾಹರಣೆಗೆ, ಆಕೆ 3,000 ರೂಪಾಯಿಯ ಬಾಂಗಡೆ ಕೊಂಡು 3,900ಕ್ಕೆ ಮಾರಿದಳೆನ್ನಿ. ಐಸಿಗೂ ಬಸ್ಸಿಗೂ ಹಮಾಲಿಗೂ 250 ಹೋಯಿತು. ಉಳಿದದ್ದು 650. ಇದು ಲಾಭವೇ? ಅಲ್ಲ ಎಂದು ಆಕೆಯೇ ಹೇಳುತ್ತಾಳೆ. ಬುಟ್ಟಿ ಹರಿಯುತ್ತದೆ, ಐಸಿನ ಡಬ್ಬಿ ಒಡೆಯುತ್ತದೆ, ತಕ್ಕಡಿ ಹೋಗುತ್ತದೆ. ಅವುಗಳಿಗೆಂದು ದಿನಕ್ಕೆ 30 ತೆಗೆದಿಡಬೇಕು. ಸಾಲದ ಬಡ್ಡಿ 40. ಮಾರಾಟವಾಗದೆ ಕೆಟ್ಟುಹೋಗುವ ಮೀನಿಗೆ ಸರಾಸರಿ 100. ಕೊನೆಗೆ ಉಳಿದದ್ದು 480. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದವಳ ಕೂಲಿಯನ್ನು ಅದರಲ್ಲಿ ಕಳೆದರೆ ಲಾಭವೆಂಬುದು ಎಷ್ಟು, ನೀವೇ ಹೇಳಿ.

ಬುಟ್ಟಿ ಹರಿಯುವುದಕ್ಕೆ ಲೆಕ್ಕಶಾಸ್ತ್ರದಲ್ಲಿ ಸವಕಳಿ ಎಂದು ಹೆಸರು. ದಿನನಿತ್ಯದ ವ್ಯಾಪಾರದಿಂದ, ಆ ವ್ಯಾಪಾರಕ್ಕೆ ಬೇಕಾದ ಖರ್ಚನ್ನೂ ಸವಕಳಿಯನ್ನೂ ಕಳೆದು ಉಳಿಯುವುದನ್ನು ಆಪರೇಟಿಂಗ್ ಪ್ರಾಫಿಟ್ ಎನ್ನುತ್ತಾರೆ. ದುಡಿಮೆಯ ಲಾಭ ಎಂದು ನಾನು ಕರೆಯುತ್ತೇನೆ. ಅದರಿಂದ ಬಡ್ಡಿ, ತೆರಿಗೆ ಕಳೆದರೆ ನಿವ್ವಳ ಲಾಭ. ಕರಪತ್ರದವರ ಅಳತೆ ಬೇರೆ. ಅದರಲ್ಲಿ ಬಡ್ಡಿಯನ್ನು ಕಳೆಯುವುದಿಲ್ಲ, ತೆರಿಗೆಯನ್ನು ಕಳೆಯುವುದಿಲ್ಲ, ಸವಕಳಿಯನ್ನೂ ಕಳೆಯುವುದಿಲ್ಲ. ಅದಕ್ಕೆ ಎಬಿಟ್ಡಾ ಎಂದು ಹೆಸರು. ಅದೂ ಸಾಲದಾದಾಗ ಇನ್ನಷ್ಟು ಖರ್ಚುಗಳನ್ನು ಬದಿಗಿಟ್ಟು "ಹೊಂದಿಸಿದ ಎಬಿಟ್ಡಾ" ಎನ್ನುತ್ತಾರೆ. ನಮ್ಮ ಮೀನಿನವಳು 650 ರೂಪಾಯಿಯೇ ಲಾಭ ಎಂದು ಹೇಳಿಕೊಂಡು ತಿರುಗಿದರೆ ಮೂರು ತಿಂಗಳಲ್ಲಿ ಆಕೆಯ ಬಳಿ ಬುಟ್ಟಿಯೂ ಇರುವುದಿಲ್ಲ.

ಇನ್ನು ಈ ಕಂಪನಿಗಳು ಮಾಡುವ ವ್ಯಾಪಾರವೇನು? ಬ್ಲಾಕ್‌ಚೈನ್ ಎಂಬುದು ಮೂಲತಃ ಒಂದು ಲೆಕ್ಕದ ಪುಸ್ತಕ. ಒಬ್ಬರ ಪೆಟ್ಟಿಗೆಯಲ್ಲಿ ಬೀಗ ಹಾಕಿಡುವ ಪುಸ್ತಕವಲ್ಲ. ಸಾವಿರಾರು ಕಂಪ್ಯೂಟರುಗಳಲ್ಲಿ ಅದರ ಪ್ರತಿ ಇರುತ್ತದೆ. ಒಂದು ಪುಟವನ್ನು ಮುಂದಿನ ಪುಟಕ್ಕೆ ಹೊಲಿದಿರುವುದರಿಂದ ಹಳೆಯ ಪುಟವನ್ನು ಅಳಿಸಿ ತಿದ್ದಿದರೆ ತಕ್ಷಣ ಗೊತ್ತಾಗುತ್ತದೆ. 2008ರಲ್ಲಿ ಸಾತೋಷಿ ನಾಕಾಮೊಟೊ ಎಂಬ ಹೆಸರಿನಲ್ಲಿ ಯಾರೋ ಇದರ ವಿವರವನ್ನು ಪ್ರಕಟಿಸಿದರು. 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಶುರುವಾಯಿತು. ಯಾರೂ ತಿದ್ದಲಾಗದ ಪುಸ್ತಕ! ಪುಸ್ತಕ ಬರೆಯುವವಳಾಗಿ ನಾನು ಇದನ್ನು ಮೆಚ್ಚುತ್ತೇನೆ. ಆದರೆ ತಿದ್ದಲಾಗದ ಪುಸ್ತಕವನ್ನು ಮಾರುವ ಕಂಪನಿ ತನ್ನ ಲಾಭದ ಪುಸ್ತಕಕ್ಕೆ ಬಂದಾಗ ಬೇಕಾದ ಸಾಲನ್ನು ಇಟ್ಟುಕೊಂಡು ಬೇಡದ ಸಾಲನ್ನು ಬಿಡುವುದೇಕೆ? ನನ್ನ ತಕರಾರು ಇರುವುದು ಇಲ್ಲಿ.

ಈ ವ್ಯಾಪಾರದಲ್ಲಿ ಮುಖ್ಯವಾಗಿ ಮೂರು ದಾರಿಗಳು. ಮೊದಲನೆಯದು ಸಂತೆಕಟ್ಟೆಯ ವ್ಯಾಪಾರ: ಕೊಳ್ಳುವವರನ್ನೂ ಮಾರುವವರನ್ನೂ ಒಂದೆಡೆ ಸೇರಿಸಿ ಇಬ್ಬರಿಂದಲೂ ದಲ್ಲಾಳಿ ಹಣ ಪಡೆಯುವುದು. ಇದಕ್ಕೆ ಎಕ್ಸ್‌ಚೇಂಜ್ ಎನ್ನುತ್ತಾರೆ. ನಮ್ಮ ರಾಜ್ಯದ ತುಮಕೂರಿನಲ್ಲಿ 2013ರಲ್ಲಿ ಹುಟ್ಟಿದ ಯುನೊಕಾಯಿನ್ ಇಂಥದೇ. ಇಲ್ಲಿ ನೆನಪಿಡಬೇಕಾದದ್ದು, ನೀವು ಗೆದ್ದರೂ ಸೋತರೂ ದಲ್ಲಾಳಿಗೆ ಹಣ ಬಂದೇ ಬರುತ್ತದೆ. ಆದ್ದರಿಂದ ದಲ್ಲಾಳಿಯ ಲಾಭ ನಿಮ್ಮ ಲಾಭಕ್ಕೆ ಸಾಕ್ಷಿಯಲ್ಲ.

ಆ ದಲ್ಲಾಳಿಗಾದರೂ ಲಾಭವೆಷ್ಟು? ಅಮೆರಿಕದ ಷೇರುಪೇಟೆಯಲ್ಲಿ 2021ರ ಏಪ್ರಿಲ್‌ನಲ್ಲಿ ಸೇರ್ಪಡೆಯಾದ ಕಾಯಿನ್‌ಬೇಸ್ ಇವರಲ್ಲಿ ದೊಡ್ಡ ಹೆಸರು. 2021ರಲ್ಲಿ ಅದರ ನಿವ್ವಳ ಲಾಭ ಸುಮಾರು 360 ಕೋಟಿ ಡಾಲರ್. ಮರುವರ್ಷವೇ ಸುಮಾರು 260 ಕೋಟಿ ಡಾಲರ್ ನಷ್ಟ. ಅದೇ ಅಂಗಡಿ, ಅದೇ ದಂಧೆ! ನನಗೆ ಹೆಚ್ಚು ಸೋಜಿಗವೆನಿಸಿದ್ದು 2023ರ ಲೆಕ್ಕ. ಆ ಒಂದೇ ವರ್ಷಕ್ಕೆ ಮೂರು ಉತ್ತರಗಳಿವೆ. ಹೊಂದಿಸಿದ ಎಬಿಟ್ಡಾ ಪ್ರಕಾರ ಸುಮಾರು 96 ಕೋಟಿ ಡಾಲರ್ ಲಾಭ. ನಿವ್ವಳ ಲಾಭ 9.5 ಕೋಟಿ. ದಿನನಿತ್ಯದ ದುಡಿಮೆಯ ಲೆಕ್ಕ ನೋಡಿದರೆ ಸುಮಾರು 16 ಕೋಟಿ ಡಾಲರ್ ನಷ್ಟ! ಒಂದೇ ಉತ್ತರಪತ್ರಿಕೆಯಲ್ಲಿ ಹುಡುಗನೊಬ್ಬ ಮೂರು ಉತ್ತರ ಬರೆದಿದ್ದರೆ ನಾನು ಯಾವುದಕ್ಕೆ ಅಂಕ ಕೊಡುತ್ತಿದ್ದೆ?

ಈ ಅಂತರದಲ್ಲಿ ದೊಡ್ಡ ಪಾಲು, ಸುಮಾರು 78 ಕೋಟಿ ಡಾಲರ್, ನೌಕರರಿಗೆ ಸಂಬಳದ ಭಾಗವಾಗಿ ಕೊಟ್ಟ ಷೇರುಗಳದ್ದು. ನಗದು ಕೊಟ್ಟಿಲ್ಲವಾದ್ದರಿಂದ ಅದನ್ನು ಹೊಂದಿಸಿದ ಲೆಕ್ಕದಲ್ಲಿ ಖರ್ಚೆಂದು ಹಿಡಿಯುವುದಿಲ್ಲ. ನಮ್ಮ ಕರಾವಳಿಯಲ್ಲಿ ದೋಣಿಗೆ ಹೋದವರಿಗೆ ಮೀನಿನ ಪಾಲು ಕೊಡುವ ಪದ್ಧತಿ ಎಷ್ಟು ಹಳೆಯದು! ಪಾಲು ಕೊಟ್ಟದ್ದು ಖರ್ಚಲ್ಲ ಎಂದು ದೋಣಿಯ ಧಣಿಗೆ ಹೇಳಿ ನೋಡಿ, ಆತ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ.

ಎರಡನೆಯ ದಾರಿ ಗಣಿಗಾರಿಕೆ. ಮಣ್ಣಿನ ಗಣಿಯಲ್ಲ, ಸಾಲುಸಾಲು ಕಂಪ್ಯೂಟರುಗಳು ಹಗಲಿರುಳೂ ಒಂದು ಸಂಖ್ಯೆಯನ್ನು ಊಹಿಸುತ್ತ ಕೂರುತ್ತವೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಯಾರೋ ಒಬ್ಬರ ಊಹೆ ಸರಿಯಾಗುತ್ತದೆ, ಅವರಿಗೆ ಹೊಸ ಬಿಟ್‌ಕಾಯಿನ್ ಬಹುಮಾನ. 2009ರಲ್ಲಿ ಬಹುಮಾನ 50 ಇತ್ತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ ಬಂದು 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಬಹುಮಾನ ಇಳಿದಂತೆ, ಸ್ಪರ್ಧೆ ಏರಿದಂತೆ, ಹಳೆಯ ಯಂತ್ರಗಳು ಕೆಲವೇ ವರ್ಷಗಳಲ್ಲಿ ಗುಜರಿಗೆ ಹೋಗುತ್ತವೆ. ಅಂದಮೇಲೆ ಈ ದಂಧೆಯಲ್ಲಿ ಸವಕಳಿಯೇ ದೊಡ್ಡ ಖರ್ಚುಗಳಲ್ಲೊಂದು. ಅದನ್ನು ಬಿಟ್ಟು, ಕರೆಂಟಿನ ಬಿಲ್ಲನ್ನು ಮಾತ್ರ ಹಿಡಿದು, "ಒಂದು ಬಿಟ್‌ಕಾಯಿನ್ ತೆಗೆಯಲು ನಮಗೆ ಇಷ್ಟೇ ತಗಲುತ್ತದೆ" ಎನ್ನುವುದು, ಡೀಸೆಲ್ ಮಾತ್ರ ಲೆಕ್ಕ ಹಿಡಿದು ಬಲೆಯನ್ನೂ ಎಂಜಿನ್ನನ್ನೂ ಮರೆತಂತೆ.

ಕರೆಂಟಿನ ಮಾತು ಬಂದಾಗ ಕದ್ರಾದವರ ಕಿವಿ ನಿಮಿರುವುದು ಸಹಜ. ನಮ್ಮ ಅಣೆಕಟ್ಟಿನ ವಿದ್ಯುದಾಗಾರದ ಮೂರು ಯಂತ್ರಗಳ ಒಟ್ಟು ಸಾಮರ್ಥ್ಯ 150 ಮೆಗಾವ್ಯಾಟ್. ಅಮೆರಿಕದ ಟೆಕ್ಸಾಸ್‌ನ ರಾಕ್‌ಡೇಲ್‌ನಲ್ಲಿ ರಯಟ್ ಎಂಬ ಕಂಪನಿಯ ಬಿಟ್‌ಕಾಯಿನ್ ಗಣಿಯೊಂದಕ್ಕೇ 700 ಮೆಗಾವ್ಯಾಟ್ ವ್ಯವಸ್ಥೆ ಇದೆ. ನಾಲ್ಕು ಕದ್ರಾ ಸೇರಿಸಿದರೂ ಸಾಲದು! 2023ರ ಆಗಸ್ಟ್‌ನಲ್ಲಿ ಅಲ್ಲಿ ಬಿಸಿಲು ಏರಿ ಊರವರಿಗೆ ಕರೆಂಟು ಸಾಲದಾದಾಗ ಈ ಕಂಪನಿ ಯಂತ್ರಗಳನ್ನು ಆಗಾಗ ನಿಲ್ಲಿಸಿ, ಮೊದಲೇ ಕಾದಿರಿಸಿದ್ದ ಕರೆಂಟನ್ನು ಬಿಟ್ಟುಕೊಟ್ಟಿತು. ಅದಕ್ಕೆ ಪ್ರತಿಯಾಗಿ ಆ ತಿಂಗಳು ಅದಕ್ಕೆ ಜಮೆಯಾದದ್ದು 3.17 ಕೋಟಿ ಡಾಲರ್. ಅದೇ ತಿಂಗಳು ಅದು ತೆಗೆದ ಬಿಟ್‌ಕಾಯಿನ್ 333; ಅದರ ಬೆಲೆ ಒಂದು ಕೋಟಿ ಡಾಲರಿಗೂ ಕಡಿಮೆ. ಕೆಲಸ ಮಾಡಿದ್ದಕ್ಕಿಂತ ಮಾಡದೇ ಇದ್ದದ್ದಕ್ಕೆ ಮೂರು ಪಟ್ಟಿಗೂ ಹೆಚ್ಚು! ಇದೇನೂ ಕಳ್ಳತನವಲ್ಲ, ಕಂಪನಿಯೇ ಬಹಿರಂಗವಾಗಿ ಪ್ರಕಟಿಸಿದ ಅಂಕಿ. ಆದರೆ ಇದನ್ನು ಗಣಿಯ ದುಡಿಮೆಯ ಲಾಭವೆನ್ನೋಣವೇ? ಅಂಗಡಿ ಮುಚ್ಚಿದ್ದಕ್ಕೆ ಬಂದ ಹಣವನ್ನು ಅಂಗಡಿಯ ಗಳಿಕೆ ಎನ್ನಬಹುದೇ?

ಮೂರನೆಯ ದಾರಿ ಕೂಡಿಡುವುದು. ನಾಣ್ಯ ಕೊಂಡು ಇಟ್ಟುಕೊಳ್ಳುವುದು, ಬೆಲೆ ಏರಿದರೆ ಸಂತೋಷಪಡುವುದು. ಇದು ನಮಗೆ ಚೆನ್ನಾಗಿ ಗೊತ್ತು. ನಮ್ಮ ಕೊರಳಿನ ಎರಡೆಳೆ ಸರಕ್ಕೆ ಹತ್ತು ವರ್ಷದಲ್ಲಿ ಎಷ್ಟು ಬೆಲೆ ಏರಿದೆ! ಹಾಗೆಂದು "ಈ ವರ್ಷ ನಾನು ಮೂರು ಲಕ್ಷ ದುಡಿದೆ" ಎಂದು ಯಾರಾದರೂ ಹೇಳುತ್ತೇವೆಯೇ? ಸರ ಇದ್ದಲ್ಲೇ ಇದೆ, ಅಕ್ಕಿಯ ಡಬ್ಬಿಗೆ ಒಂದು ಕಾಳೂ ಬಿದ್ದಿಲ್ಲ. ಸ್ಟ್ರಾಟೆಜಿ ಎಂಬ ಅಮೆರಿಕದ ಸಾಫ್ಟ್‌ವೇರ್ ಕಂಪನಿ 2020ರಿಂದ ಬಿಟ್‌ಕಾಯಿನ್ ಕೊಂಡು ಕೂಡಿಡುತ್ತ ಬಂದಿದೆ. 2025ರ ಮೊದಲ ಮೂರು ತಿಂಗಳಲ್ಲಿ ಅದು ಸುಮಾರು 590 ಕೋಟಿ ಡಾಲರ್ ಆಪರೇಟಿಂಗ್ ನಷ್ಟ ತೋರಿಸಿತು. ಮುಂದಿನ ಮೂರು ತಿಂಗಳಲ್ಲಿ ಸುಮಾರು 1,400 ಕೋಟಿ ಡಾಲರ್ ಆಪರೇಟಿಂಗ್ ಲಾಭ! ಅದರ ಸಾಫ್ಟ್‌ವೇರ್ ವ್ಯಾಪಾರದ ಆದಾಯವೆಷ್ಟು ಗೊತ್ತೇ? ಎರಡೂ ಅವಧಿಯಲ್ಲಿ ಸುಮಾರು 11 ಕೋಟಿ ಡಾಲರ್ ಆಸುಪಾಸು. ದುಡಿಮೆ ಅಲುಗಲಿಲ್ಲ, ಸರದ ಬೆಲೆ ಅಲುಗಿತು. ಕೂಡಿಟ್ಟ ನಾಣ್ಯವನ್ನು ಪೇಟೆಯ ಬೆಲೆಗೆ ಬರೆಯಬೇಕು, ಏರಿಳಿತವನ್ನು ಲಾಭನಷ್ಟದಲ್ಲೇ ತೋರಿಸಬೇಕು ಎಂಬ ಹೊಸ ನಿಯಮ ಅಮೆರಿಕದಲ್ಲಿ ಬಂದದ್ದರಿಂದ ಹೀಗಾಯಿತು. ನಿಯಮ ಪಾಲಿಸಿದ್ದು ತಪ್ಪಲ್ಲ. ಆದರೆ "ದುಡಿಮೆ" ಎಂಬ ಸಾಲಿನಲ್ಲಿ ಇಂಥ ಅಂಕಿ ಬಂದು ಕೂತ ಮೇಲೆ ಆ ಸಾಲನ್ನು ಓದಿ ಕಂಪನಿಯ ದುಡಿಮೆ ತಿಳಿಯುವುದು ಸಾಧ್ಯವೇ?

"ನೀವು ಸಿಟ್ಟಿನಲ್ಲಿ ನೋಡುತ್ತಿದ್ದೀರಿ ದೊಡ್ಡಮ್ಮಾ" ಎಂದು ನನ್ನ ತಂಗಿಯ ಮಗ ಆಕ್ಷೇಪಿಸಿದ. ಎಬಿಟ್ಡಾ ಅಳತೆಯನ್ನು ಕ್ರಿಪ್ಟೊದವರೇ ಕಂಡುಹಿಡಿದದ್ದಲ್ಲ, ಬೇರೆಬೇರೆ ಸಾಲ, ತೆರಿಗೆಗಳ ಕಂಪನಿಗಳನ್ನು ಹೋಲಿಸಲು ಅದು ಉಪಯುಕ್ತ, ದೊಡ್ಡ ಕಂಪನಿಗಳು ಅದರ ಜೊತೆಗೇ ನಿವ್ವಳ ಲಾಭವನ್ನೂ ಕೊಡುತ್ತವೆ ಎಂದ. ಒಪ್ಪುತ್ತೇನೆ. ಈ ವ್ಯವಹಾರ ನಮ್ಮಲ್ಲಿ ನಿಷಿದ್ಧವೂ ಅಲ್ಲ. ರಿಸರ್ವ್ ಬ್ಯಾಂಕು 2018ರಲ್ಲಿ ಬ್ಯಾಂಕುಗಳಿಗೆ ಹಾಕಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟು 2020ರ ಮಾರ್ಚ್ 4ರಂದು ರದ್ದುಪಡಿಸಿತು. ಆದರೆ ಹೋಲಿಕೆಗೆಂದು ಮಾಡಿದ ಅಳತೆಯನ್ನು ಗಳಿಕೆಯೆಂದು ಮಾರುವುದು ಬೇರೆ. ವಾರ್ಷಿಕ ವರದಿಯ ನೂರನೆಯ ಪುಟದಲ್ಲಿ ನಿಜವಿದೆ ಎಂಬುದರಿಂದ ಕದ್ರಾದ ಹೆಂಗಸಿನ ಕೈಗೆ ಬರುವ ಕರಪತ್ರ ನಿಜವಾಗುವುದಿಲ್ಲ. ಆಕೆಗೆ ನೂರನೆಯ ಪುಟವನ್ನು ಯಾರೂ ತಂದುಕೊಡುವುದಿಲ್ಲ.

ಲೆಕ್ಕದಿಂದ ಬಿಟ್ಟ ಖರ್ಚು ಎಲ್ಲಿಗೂ ಮಾಯವಾಗುವುದಿಲ್ಲ, ಯಾರದೋ ಸೆರಗಿಗೆ ಬೀಳುತ್ತದೆ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ದೊಡ್ಡ ಎಕ್ಸ್‌ಚೇಂಜ್ ಕುಸಿದಾಗ ಹೊರಬಿದ್ದದ್ದೇನು? ಗ್ರಾಹಕರ ಹಣ ಅದರ ಸೋದರ ಸಂಸ್ಥೆಯ ಕೈ ಸೇರಿತ್ತು. ಆ ಸಂಸ್ಥೆಯ ಆಸ್ತಿಯ ಪಟ್ಟಿಯಲ್ಲಿದ್ದ ದೊಡ್ಡದೊಂದು ಪಾಲು ಎಫ್‌ಟಿಎಕ್ಸ್ ತಾನೇ ಹೊರಡಿಸಿದ್ದ ನಾಣ್ಯ. ತಾನೇ ಬರೆದ ಚೀಟಿಯನ್ನು ತನ್ನವರ ತಿಜೋರಿಯಲ್ಲಿಟ್ಟು ಶ್ರೀಮಂತಿಕೆ ಎಂದಂತೆ! ಅದರ ಮುಖ್ಯಸ್ಥನಿಗೆ 2024ರ ಮಾರ್ಚ್‌ನಲ್ಲಿ 25 ವರ್ಷ ಜೈಲು ಆಯಿತು.

ನಮ್ಮ ದೇಶಕ್ಕೇ ಬನ್ನಿ. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯ ಕಳುವಾಯಿತು. ಅಲ್ಲಿ ಹಣ ಇಟ್ಟಿದ್ದ ಜನರ ಖಾತೆಗಳು ಸ್ತಬ್ಧವಾದವು. ವ್ಯವಹಾರ ಮತ್ತೆ ತೆರೆದದ್ದು 2025ರ ಅಕ್ಟೋಬರ್‌ನಲ್ಲಿ. ನಷ್ಟವನ್ನು ಗ್ರಾಹಕರಿಗೇ ಹಂಚಲಾಯಿತು. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 4.4 ಕೋಟಿ ಡಾಲರ್ ಹೋದಾಗ ಮಾತ್ರ ಕಂಪನಿ ಅದನ್ನು ತನ್ನ ಸ್ವಂತ ಖಜಾನೆಯಿಂದಲೇ ಭರಿಸುವುದಾಗಿ ಘೋಷಿಸಿತು. ಎರಡೂ ಎಕ್ಸ್‌ಚೇಂಜ್‌ಗಳೇ. ಕಳ್ಳ ಬಂದ ದಿನ ಯಾರ ಪೆಟ್ಟಿಗೆ ಬರಿದಾಗುತ್ತದೆ ಎಂಬುದು ಲಾಭದ ಅಂಕಿಗಿಂತ ದೊಡ್ಡ ಪ್ರಶ್ನೆ. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆ ಇದೆ. ಇಲ್ಲಿ ಅದಿಲ್ಲ. 2022ರಿಂದ ಲಾಭಕ್ಕೆ ಶೇಕಡಾ 30 ತೆರಿಗೆ ಇದೆ. ಒಂದು ನಾಣ್ಯದಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತೆಯೂ ಇಲ್ಲ. ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆಯಂತೂ ತಿಂಗಳಿಗೆ ಶೇಕಡಾ 10ರಂತೆ 18 ತಿಂಗಳು ಕೊಡುತ್ತೇವೆಂದು ಜನರನ್ನು ಸೆಳೆದು, ಕೊನೆಗೆ ಸಿಬಿಐ ತನಿಖೆಯವರೆಗೆ ಬಂದು ನಿಂತಿತು. ಯಾವ ದುಡಿಮೆಯಿಂದ ಇಷ್ಟು ಬರುತ್ತದೆ ಎಂದು ಮೊದಲ ದಿನವೇ ಕೇಳಿದ್ದರೆ!

ಈ ಪ್ರಶ್ನೆಯನ್ನು ಕೇಳುವ ಹಕ್ಕು ಕಾಳಿ ನದಿಯ ದಂಡೆಯವರಿಗೆ ಬೇರೆಯವರಿಗಿಂತ ಹೆಚ್ಚು ಎಂದು ನಾನು ಭಾವಿಸುತ್ತೇನೆ. ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ಒಂದೇ ನದಿಯ ನೀರಿನಿಂದ ಮತ್ತೆಮತ್ತೆ ಕರೆಂಟು ತೆಗೆದರು. ಒಂದು ಯೂನಿಟ್ಟಿಗೆ ಇಷ್ಟು ಪೈಸೆ ಎಂಬ ಲೆಕ್ಕದಲ್ಲಿ ಸಿಮೆಂಟು, ಯಂತ್ರ, ಸಂಬಳ, ಬಡ್ಡಿ ಎಲ್ಲವೂ ಇದ್ದವು. ಸೂಪಾ ಎಂಬ ಊರು ನೀರಿನಡಿ ಹೋದಾಗ ರಾಮನಗರಕ್ಕೆ ಎದ್ದುಹೋದ ಹೆಂಗಸು ಹಿತ್ತಲಿನಲ್ಲಿ ಬಿಟ್ಟುಹೋದ ಹಲಸಿನ ಮರದ ಬೆಲೆ ಯಾವ ಯೂನಿಟ್ಟಿನಲ್ಲಿ ಸೇರಿತು? 2019ರ ಆಗಸ್ಟ್ ಮತ್ತು 2021ರ ಜುಲೈನ ಮಳೆಗೆ ಕದ್ರಾದ ಬಾಗಿಲು ತೆರೆದು ನೀರು ಬಿಟ್ಟಾಗ ಕೆಳಗಿನ ಊರುಗಳ ಮನೆಗಳಲ್ಲಿ ನೀರು ನಿಂತಿತು. ಆಗ ನೆನೆದ ಅಕ್ಕಿ, ಹೊಲಿಗೆ ಯಂತ್ರ, ಮಕ್ಕಳ ಪುಸ್ತಕ ಯಾವ ಖಾತೆಯ ಸವಕಳಿ? ಕರೆಂಟು ಬೇಡವೆಂದು ನಾನು ಹೇಳುತ್ತಿಲ್ಲ, ಈ ಸಾಲುಗಳನ್ನು ಬರೆಯುತ್ತಿರುವುದೂ ಅದೇ ಬೆಳಕಿನಲ್ಲಿ. ಅಗ್ಗ ಎಂದು ಕರೆಯುವ ಮೊದಲು ಎಲ್ಲವನ್ನೂ ಬರೆಯಿರಿ ಎಂದಷ್ಟೇ ಹೇಳುತ್ತೇನೆ. ತಮ್ಮ ಖರ್ಚು ಇನ್ನೊಬ್ಬರ ಪುಸ್ತಕದಲ್ಲಿ ಕಾಣದೇ ಹೋದರೆ ಏನಾಗುತ್ತದೆಂದು ಬಲ್ಲ ಊರಿನ ಹೆಂಗಸರು ಇನ್ನೊಂದು ಅಂಥ ಪುಸ್ತಕಕ್ಕೆ ತಮ್ಮ ಉಳಿತಾಯವನ್ನು ಹೇಗೆ ಕೊಟ್ಟಾರು?

ನಮ್ಮ ಸಂಘದಲ್ಲಿ ಇದರ ಬಗ್ಗೆ ಎರಡು ವಾರ ಚರ್ಚೆಯಾಯಿತು. ಮನೆಯ ಮಾಡು ಸರಿಪಡಿಸಬೇಕಾದವಳಿಗೆ, ಮಗಳನ್ನು ನರ್ಸಿಂಗಿಗೆ ಸೇರಿಸಬೇಕಾದವಳಿಗೆ ಬ್ಯಾಂಕಿನ ಬಡ್ಡಿ ಆಮೆಯ ಹಾಗೆ ಕಾಣುವುದು ತಪ್ಪಲ್ಲ. ಅವರ ಅವಸರವನ್ನು ದುರಾಸೆ ಎಂದು ಜರೆಯುವವರಲ್ಲಿ ನಾನಿಲ್ಲ. ಆ ಅವಸರ ಗೊತ್ತಿದ್ದೇ ಕರಪತ್ರದವರು ಬರುತ್ತಾರೆ. ನಾವು ಕಂಪನಿಯವರಿಗೆ ನಾಲ್ಕು ಪ್ರಶ್ನೆ ಬರೆದು ಕಳಿಸಿದೆವು. ನಾಣ್ಯದ ಬೆಲೆ ಏರದೆ ಇದ್ದಲ್ಲೇ ಇದ್ದರೆ ನಿಮಗೆ ದುಡಿಮೆಯಿಂದ ಎಷ್ಟು ಬರುತ್ತದೆ? ಯಂತ್ರದ ಸವಕಳಿ, ಬಡ್ಡಿ, ಷೇರಾಗಿ ಕೊಟ್ಟ ಸಂಬಳ ಎಲ್ಲ ಕಳೆದು ಎಷ್ಟು ಉಳಿಯುತ್ತದೆ? ಹೋದ ವರ್ಷ ಯಾವ ಅಳತೆ ಬಳಸಿದ್ದಿರಿ, ಈ ವರ್ಷವೂ ಅದೇ ಅಳತೆಯೇ? ಕಳುವಾದರೆ ನಷ್ಟ ಯಾರದು? ಉತ್ತರದ ಬದಲು ಬಂದದ್ದು ಇನ್ನಷ್ಟು ಬಣ್ಣದ ಕರಪತ್ರ. ಸಂಘದ ದುಡ್ಡು ಬ್ಯಾಂಕಿನಲ್ಲೇ ಉಳಿಯಿತು; ಮಾಡಿಗೆ ಒಳಸಾಲ ಮಂಜೂರಾಯಿತು.

ನಿಮ್ಮ ಊರಿಗೂ ಯಾರಾದರೂ ಬಂದೇ ಬರುತ್ತಾರೆ. ಮಗನ ಗೆಳೆಯನೋ, ತವರಿನ ಕಡೆಯವರೋ, ಆಫೀಸಿನಲ್ಲಿ ಪಕ್ಕದ ಮೇಜಿನವರೋ. ಮಾತು ನಯವಾಗಿರುತ್ತದೆ, ಅಂಕಿ ದೊಡ್ಡದಾಗಿರುತ್ತದೆ. ಆಗ ತಂತ್ರಜ್ಞಾನ ಗೊತ್ತಿಲ್ಲವೆಂದು ಸಂಕೋಚಪಡಬೇಡಿ. ಬ್ಲಾಕ್‌ಚೈನ್ ತಿಳಿಯದಿದ್ದರೂ ಬುಟ್ಟಿ ಹರಿಯುತ್ತದೆಂಬುದು ನಿಮಗೆ ತಿಳಿದಿದೆ. ಅಷ್ಟು ಸಾಕು. "ಇದರಲ್ಲಿ ಸವಕಳಿ ಎಲ್ಲಿ ಬರೆದಿದ್ದೀರಿ, ತೋರಿಸಿ" ಎಂದು ಕೇಳಿ. ತೋರಿಸಿದರೆ ಕೂತು ಓದೋಣ. ತೋರಿಸದಿದ್ದರೆ, ಬರೆಯದೆ ಬಿಟ್ಟ ಆ ಸವಕಳಿ ನಮ್ಮದೇ ಎಂದು ತಿಳಿದು ಪೆಟ್ಟಿಗೆಯ ಬೀಗ ಹಾಕೋಣ.